ದಂಪತಿಗಳ ಸೀಮೋಲ್ಲಂಘನ

ವಿಜಯದಶಮಿಯ ದಿನ ಊರ ಗಡಿಯನ್ನು ದಾಟಿ ಬನ್ನಿಯ ಮರದವರೆಗೆ ಹೋಗಿಬರುವುದನ್ನು ನಮ್ಮ ಹಿರಿಯರು ಸೀಮೋಲ್ಲಂಘನವೆಂದು ಕರೆದರು. ಆ ದಾಟುವಿಕೆಯಲ್ಲಿ ಮರಳುವಿಕೆಯೂ ಅಡಗಿದೆ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆ ಸೇರಿರುತ್ತಾರೆ. ಗಂಡಹೆಂಡಿರು ಪರದೇಶದಲ್ಲಿ ನೆಲೆಸುವುದಕ್ಕೆಂದು ಹೊರಡುವ ಸೀಮೋಲ್ಲಂಘನ ಬೇರೆ ಬಗೆಯದು. ಅಲ್ಲಿ ಮರಳುವಿಕೆಯ ಮಾತಿಲ್ಲ. ಆದುದರಿಂದಲೇ ಅದರ ಆರಂಭವನ್ನು ಕುರಿತು ಸ್ವಲ್ಪ ನಿಧಾನವಾಗಿ ಯೋಚಿಸಬೇಕಾಗಿದೆ.

ಕನ್ನಡ ಪಾಠ ಹೇಳುವವರಿಗೆ ವಲಸೆಯ ಕಾನೂನೇಕೆ ಎಂದು ವಾಚಕರು ಕೇಳಬಹುದು. ಅಂಕಪಟ್ಟಿಯ ಮೊಹರು ಮಾಡಿದ ಪ್ರತಿಗಾಗಿ ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಎಡತಾಕುವ ಹಳೆಯ ವಿದ್ಯಾರ್ಥಿಗಳನ್ನು ನಾವು ಅಧ್ಯಾಪಕರು ಆಗಾಗ ಕಾಣುತ್ತೇವೆ. ಬರುವವರು ಹೆಚ್ಚಾಗಿ ಗಂಡಂದಿರು. “ನಿಮ್ಮ ಮನೆಯವರ ಅಂಕಪಟ್ಟಿ?” ಎಂದು ಕೇಳಿದರೆ, “ಅವರದು ಯಾಕೆ ಸಾರ್, ಅರ್ಜಿ ನನ್ನದಲ್ಲವೆ?” ಎನ್ನುತ್ತಾರೆ. ಈ ಒಂದು ಉತ್ತರದಲ್ಲಿ ಅರ್ಧ ಜೀವನದ ನಿರ್ಣಯ ಅಡಗಿದೆಯೆಂಬುದು ಅವರಿಗೆ ಹೊಳೆದಿರುವುದಿಲ್ಲ.

ಕೆನಡಾ ದೇಶದ ಪದ್ಧತಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅಲ್ಲಿಗೆ ಭಾರತೀಯ ದಂಪತಿಗಳು ಹೋಗುವ ಹಾದಿ ಸುಲಭವಾಗಿ ತೆರೆದುದಲ್ಲ. 1908ರಲ್ಲಿ ಆ ಸರ್ಕಾರವು, ಹುಟ್ಟಿದ ನಾಡಿನಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂಬ ನಿಯಮವನ್ನು ಮಾಡಿತು. ಭಾರತದಿಂದ ಅಂಥ ನೇರ ಹಡಗಿನ ಸೌಕರ್ಯವೇ ಇರಲಿಲ್ಲ! 1914ರಲ್ಲಿ 376 ಮಂದಿಯನ್ನು ಹೊತ್ತು ವ್ಯಾಂಕೂವರ್ ತೀರಕ್ಕೆ ಬಂದ ಕೊಮಾಗಾಟ ಮಾರು ಹಡಗನ್ನು ಎರಡು ತಿಂಗಳು ನೀರಿನ ಮೇಲೆಯೇ ನಿಲ್ಲಿಸಿ ಹಿಂದಕ್ಕಟ್ಟಿದ ಕಥೆ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಸಂಗತಿಯುಂಟು. ಅದಕ್ಕೆ ಮೊದಲೇ ಹೋಗಿ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಗಂಡಸರು ತಮ್ಮ ಹೆಂಡತಿಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಆ ಅನುಮತಿ ದೊರೆತದ್ದು 1919ರಲ್ಲಿ. ಜನಾಂಗದ ಭೇದವನ್ನು ನಿಯಮಗಳಿಂದ ಬಹುಮಟ್ಟಿಗೆ ತೆಗೆದುಹಾಕಿದ್ದು 1962ರಲ್ಲಿ. ವಿದ್ಯೆ, ವಯಸ್ಸು, ಭಾಷೆ, ಕಸಬುಗಳಿಗೆ ಅಂಕ ಕೊಟ್ಟು ಆರಿಸುವ ಕ್ರಮ ಬಂದದ್ದು 1967ರಲ್ಲಿ. ಸತಿಪತಿಗಳು ಒಂದೇ ಅರ್ಜಿಯಲ್ಲಿ ಜೊತೆಯಾಗಿ ಹೋಗುವ ಇಂದಿನ ಅನುಕೂಲದ ಹಿಂದೆ ಇಷ್ಟು ಕಣ್ಣೀರಿದೆ.

ಇಂದು ಕುಶಲ ವೃತ್ತಿಯವರ ಆಯ್ಕೆ ಬಹುಪಾಲು ನಡೆಯುವುದು 2015ರ ಜನವರಿಯಲ್ಲಿ ಆರಂಭವಾದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ವ್ಯವಸ್ಥೆಯ ಮೂಲಕ. ಹೊರನಾಡಿನಿಂದ ಅರ್ಜಿ ಹಾಕುವ ಕುಶಲ ವೃತ್ತಿಯವರು ಕಳೆದ ಹತ್ತು ವರ್ಷಗಳೊಳಗೆ ಎಡೆಬಿಡದೆ ಒಂದು ವರ್ಷವಾದರೂ ಸಂಬಳದ ಕೆಲಸ ಮಾಡಿರಬೇಕು. ಇಂಗ್ಲಿಷ್ ಅಥವಾ ಫ್ರೆಂಚ್ ಭಾಷೆಯ ಅಂಗೀಕೃತ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪ್ರಾಥಮಿಕ ಅರ್ಹತೆಯ 100 ಅಂಕಗಳಲ್ಲಿ 67 ಬರಬೇಕು. ಹೊಸ ನೆಲದಲ್ಲಿ ಕೆಲವು ತಿಂಗಳು ಬಾಳುವಷ್ಟು ಹಣ ಕೈಯಲ್ಲಿರುವುದನ್ನು ತೋರಿಸಬೇಕು. ಆಮೇಲೆ ವಿವರಗಳನ್ನು ಸರ್ಕಾರದ ಜಾಲತಾಣದಲ್ಲಿ ದಾಖಲಿಸಿದರೆ ಹೆಸರು ಒಂದು ಸರದಿಗೆ ಸೇರುತ್ತದೆ. ಈ ದಾಖಲೆಗೆ ಶುಲ್ಕವಿಲ್ಲ. ಆಯುಸ್ಸು ಒಂದು ವರ್ಷ. ಆಗಾಗ ನಡೆಯುವ ಆಯ್ಕೆಯಲ್ಲಿ ಕರೆ ಬಂದರೆ 60 ದಿನಗಳೊಳಗೆ ಪೂರ್ಣ ಅರ್ಜಿಯನ್ನು ಸಲ್ಲಿಸತಕ್ಕದ್ದು.

ಈ ಸರದಿಯಲ್ಲಿ ಹಿಂದುಮುಂದನ್ನು ನಿರ್ಣಯಿಸುವುದು 1200 ಅಂಕಗಳ ಒಂದು ಕೋಷ್ಟಕ. ನಮ್ಮ ಪ್ರಶ್ನೆಯ ತಿರುಳಿರುವುದು ಅಲ್ಲಿಯೇ. ದಂಪತಿಗಳಲ್ಲಿ ಒಬ್ಬರು ಮುಖ್ಯ ಅರ್ಜಿದಾರರು, ಇನ್ನೊಬ್ಬರು ಜೊತೆಗೆ ಬರುವ ಸಂಗಾತಿ. ವಯಸ್ಸು, ವಿದ್ಯೆ, ಭಾಷೆ ಮೊದಲಾದ ಮೂಲ ಯೋಗ್ಯತೆಗಳಿಗಾಗಿ ಮೊದಲನೆಯವರಿಗೆ ಹೆಚ್ಚೆಂದರೆ 460 ಅಂಕ. ಎರಡನೆಯವರಿಗೆ ಹೆಚ್ಚೆಂದರೆ 40. ಒಬ್ಬರ ವಿದ್ಯೆ ಮುಂದಿನ ಸಾಲಿನಲ್ಲಿ ನಿಂತರೆ 140ರವರೆಗೆ ತೂಗುತ್ತದೆ. ಅದೇ ವಿದ್ಯೆ ಹಿಂದಿನ ಸಾಲಿನಲ್ಲಿ ನಿಂತರೆ 10ನ್ನು ಮೀರುವುದಿಲ್ಲ. ಸಂಗಾತಿಯ ವಯಸ್ಸಿಗಂತೂ ಅಂಕವೇ ಇಲ್ಲ. ಆದರೆ ಮುಖ್ಯ ಅರ್ಜಿದಾರರು ಗಂಡನೇ ಆಗಿರಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ನಮ್ಮಲ್ಲಿ ವರನು ವಧುವಿಗಿಂತ ನಾಲ್ಕಾರು ವರ್ಷ ದೊಡ್ಡವನಾಗಿರುವುದು ವಾಡಿಕೆಯಷ್ಟೆ. ಗಂಡನಿಗೆ 36, ಹೆಂಡತಿಗೆ 30 ವರ್ಷವೆಂದು ಇಟ್ಟುಕೊಳ್ಳೋಣ. ಜೊತೆಗೆ ಸಂಗಾತಿಯುಳ್ಳ ಅರ್ಜಿದಾರರಿಗೆ ವಯಸ್ಸಿನ ಅಂಕ 30ರಲ್ಲಿ 95, 36ರಲ್ಲಿ 65. 45 ತುಂಬಿದರೆ ಸೊನ್ನೆ. ಹಸೆಮಣೆಯ ಮೇಲೆ ಹಿರಿತನವೆನಿಸಿದ್ದು ಇಲ್ಲಿ 30 ಅಂಕಗಳ ನಷ್ಟ! ವಿದ್ಯೆಯ ಅಂಕವೂ ಪದವಿಯ ಮಟ್ಟವನ್ನು ನೋಡುತ್ತದೆಯೇ ಹೊರತು ವಿಷಯವನ್ನಲ್ಲ. ಸ್ನಾತಕೋತ್ತರ ಮಟ್ಟದ್ದೆಂದು ಮಾನ್ಯವಾದ ಕನ್ನಡ ಎಂ.ಎ.ಗೂ ಅದೇ ಮಟ್ಟದ ವಿಜ್ಞಾನ ಪದವಿಗೂ ಈ ಕೋಷ್ಟಕದಲ್ಲಿ ಭೇದವಿಲ್ಲ. ಆದುದರಿಂದ ಇಬ್ಬರೂ ಪದವಿಗಳ ಮೌಲ್ಯಮಾಪನ ಮಾಡಿಸಬೇಕು. ಇಬ್ಬರೂ ಭಾಷಾಪರೀಕ್ಷೆಗೆ ಕೂರಬೇಕು. ಇಬ್ಬರ ಅಂಕಗಳನ್ನೂ ಅದಲುಬದಲು ಮಾಡಿ ಲೆಕ್ಕಹಾಕಬೇಕು. ಅರ್ಹತೆಯಿದ್ದರೆ ಇಬ್ಬರೂ ಬೇರೆಬೇರೆಯಾಗಿ ಸರದಿಯಲ್ಲಿ ಹೆಸರು ಸೇರಿಸುವುದಕ್ಕೂ ಅಡ್ಡಿಯಿಲ್ಲ. ಭಾಷಾಪರೀಕ್ಷೆಯ ಫಲಿತಾಂಶ ಎರಡು ವರ್ಷ, ಪದವಿಯ ಮೌಲ್ಯಮಾಪನ ಐದು ವರ್ಷ ಊರ್ಜಿತವಾಗಿರುತ್ತವೆ.

ನಿಯಮಗಳೂ ಸ್ಥಿರವಲ್ಲ. 2023ರಿಂದ ಫ್ರೆಂಚ್ ಬಲ್ಲವರನ್ನೂ ಆರೋಗ್ಯಸೇವೆಯಂಥ ಕೆಲವು ಕಸಬಿನವರನ್ನೂ ಪ್ರತ್ಯೇಕವಾಗಿ ಕರೆಯುವ ಪದ್ಧತಿ ಬಂದಿತು. ಉದ್ಯೋಗದ ಭರವಸೆಪತ್ರಕ್ಕೆ ಇದ್ದ ಹೆಚ್ಚಿನ ಅಂಕಗಳನ್ನು 2025ರ ಮಾರ್ಚಿಯಲ್ಲಿ ತೆಗೆದುಹಾಕಲಾಯಿತು. ಆದ್ದರಿಂದ ಹೊರಡುವವರು ಅಂದಂದಿನ ಲೆಕ್ಕವನ್ನು ಸರ್ಕಾರದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ದಲ್ಲಾಳಿಯ ಬಾಯಿಮಾತು ಆಧಾರವಾಗಲಾರದು.

ಕಾಗದಪತ್ರಗಳಲ್ಲಿ ಕನ್ನಡಿಗರನ್ನು ಹೆಚ್ಚಾಗಿ ಕಾಡುವುದು ಹೆಸರು. ನಮ್ಮ ಹೆಸರಿನ ಮುಂದೆ ಊರೂ ತಂದೆಯೂ ಒಂದೊಂದು ಅಕ್ಷರವಾಗಿ ಕುಳಿತಿರುತ್ತಾರೆ. ಅಲ್ಲಿಯ ನಮೂನೆಯಾದರೋ ಕುಲನಾಮ ಯಾವುದೆಂದು ಕೇಳುತ್ತದೆ. ಅಂಕಪಟ್ಟಿಯಲ್ಲಿ ಬರಿಯ ಅಕ್ಷರಗಳು, ಪಾಸ್‌ಪೋರ್ಟಿನಲ್ಲಿ ಅವುಗಳ ವಿಸ್ತಾರ, ಮದುವೆಯ ನಂತರ ಹೆಂಡತಿಯ ಹೆಸರಿಗೆ ಗಂಡನ ಹೆಸರಿನ ಜೋಡಣೆ — ಹೀಗೆ ಒಬ್ಬಳೇ ಹೆಣ್ಣುಮಗಳು ಕಾಗದದ ಮೇಲೆ ಮೂವರಾಗಿಬಿಡುತ್ತಾಳೆ. ಮೊದಲು ಇವನ್ನು ಹೊಂದಿಸಿಕೊಳ್ಳಬೇಕು. ಲಗ್ನಪತ್ರಿಕೆಯನ್ನೂ ಧಾರೆಯ ಛಾಯಾಚಿತ್ರವನ್ನೂ ನೆಚ್ಚಿ ಕೂರದೆ, ಉಪನೋಂದಣಾಧಿಕಾರಿಗಳ ಕಚೇರಿಯಿಂದ ವಿವಾಹದ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳುವುದು ಕ್ಷೇಮ.

ಇನ್ನೊಂದು ಎಚ್ಚರಿಕೆ. ಒಬ್ಬಂಟಿ ಅರ್ಜಿದಾರರಿಗೆ ಅಂಕ ಸ್ವಲ್ಪ ಹೆಚ್ಚು ಬರುವುದೆಂದು ಮದುವೆಯನ್ನೇ ಮರೆಮಾಚುವ ಸಲಹೆಯನ್ನು ಕೊಡುವವರುಂಟು. ಸುಳ್ಳು ಹೇಳಿದ್ದು ಹೊರಬಿದ್ದರೆ ಐದು ವರ್ಷ ಪ್ರವೇಶನಿಷೇಧ. ಅದಕ್ಕಿಂತ ಘೋರವಾದುದೆಂದರೆ, ಆಗ ಹೆಸರಿಸದೆ ಬಿಟ್ಟ ಹೆಂಡತಿಯನ್ನೋ ಗಂಡನನ್ನೋ ಮುಂದೆ ಕರೆಸಿಕೊಳ್ಳುವ ಹಾದಿಯೇ ಮುಚ್ಚಿಹೋಗಬಹುದು. 1919ಕ್ಕೆ ಮೊದಲು ಸರ್ಕಾರ ಮಾಡಿದ ಅಗಲಿಕೆಯನ್ನು ಇಂದು ನಾವೇ ಬರೆದುಕೊಂಡಂತಾಗುತ್ತದೆ.

ಕಾಯಂ ನಿವಾಸದ ಹಕ್ಕು ದೊರೆತಾಗ ಅದು ಇಬ್ಬರಿಗೂ ಸಮನಾಗಿ ದೊರೆಯುತ್ತದೆ. ಸಂಗಾತಿಯೂ ಯಾರ ಅಪ್ಪಣೆಯಿಲ್ಲದೆ ಕೆಲಸ ಮಾಡಬಹುದು. ಆದರೆ ಪದವಿಗೆ ಮಾನ್ಯತೆ ದೊರೆತ ಮಾತ್ರಕ್ಕೆ ವೃತ್ತಿಯ ಪರವಾನಿಗೆ ದೊರೆಯದು. ವೈದ್ಯರೂ ದಾದಿಯರೂ ಶಾಲೆಯ ಉಪಾಧ್ಯಾಯರೂ ತಾವು ನೆಲೆಸುವ ಪ್ರಾಂತ್ಯದ ಅನುಮತಿಯನ್ನು ಬೇರೆಯಾಗಿ ಪಡೆಯಬೇಕು. ಅದಕ್ಕೆ ವರ್ಷಗಳೇ ಹಿಡಿಯಬಹುದು. ಆ ವರ್ಷಗಳಲ್ಲಿ ಯಾರು ದುಡಿಯುವುದು, ಯಾರು ಮತ್ತೆ ಓದುವುದು, ಇಲ್ಲಿ ಉಳಿಯುವ ನಾಲ್ವರು ತಾಯಿತಂದೆಯರ ಮುಪ್ಪಿಗೆ ಒದಗುವವರು ಯಾರು? ಯಾವ ನಮೂನೆಯೂ ಇದನ್ನು ಕೇಳುವುದಿಲ್ಲ, ಕೇಳಿಕೊಳ್ಳಬೇಕಾದವರು ಗಂಡಹೆಂಡಿರೇ.

ಆದುದರಿಂದ ವಲಸೆಯ ಮೊದಲ ಹೆಜ್ಜೆಯನ್ನು ಯಾವ ಕಚೇರಿಯ ಬಾಗಿಲಲ್ಲಿಯೂ ಇಡಬೇಕಾಗಿಲ್ಲ. ಒಂದು ಸಂಜೆ ಇಬ್ಬರೂ ತಮ್ಮ ತಮ್ಮ ಅಂಕಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಕೂರಲಿ. ಮುಂದಿನ ಸಾಲಿನಲ್ಲಿ ಯಾರ ಹೆಸರೆಂಬುದನ್ನು ರೂಢಿಗೆ ಬಿಡದೆ ಲೆಕ್ಕದಿಂದಲೂ ಪರಸ್ಪರ ಗೌರವದಿಂದಲೂ ನಿಶ್ಚಯಿಸಲಿ. ಹೋಗುವುದು ಬೇಡವೆಂದು ತೋರಿದರೆ ಅದೂ ಇಬ್ಬರು ಕೂಡಿ ಮಾಡಿದ ನಿಶ್ಚಯವೇ ಆಗಿರಲಿ.