ಟಾಪ್ ತೆಗೆಯುವ ಗಾಡಿ, ಅರವತ್ತು ದಾಟಿದ ದೇಹ

"ಡಾಕ್ಟ್ರೇ, ಇದಕ್ಕೊಂದು ಸಹಿ ಹಾಕಿಬಿಡಿ, ಆರ್‌ಟಿಓ ಆಫೀಸಿಗೆ ಹೋಗಬೇಕು" ಎನ್ನುತ್ತ 67 ವರ್ಷದ ಹಿರಿಯರೊಬ್ಬರು ನನ್ನ ಮೇಜಿನ ಮೇಲೆ ಫಾರಂ 1-ಎ ಇಟ್ಟರು. 40 ದಾಟಿದವರು ಚಾಲನಾ ಪರವಾನಗಿ ನವೀಕರಿಸಲು ವೈದ್ಯರಿಂದ ತರಬೇಕಾದ ಪ್ರಮಾಣಪತ್ರ ಅದು. 55ರ ನಂತರ ಪರವಾನಗಿ ಸಿಗುವುದು ಐದೈದು ವರ್ಷಕ್ಕೆ ಮಾತ್ರ. ಇಂಥ ಫಾರಂಗೆ ರಕ್ತದೊತ್ತಡ ನೋಡಿ, ಗೋಡೆಯ ಮೇಲಿನ ಅಕ್ಷರ ಓದಿಸಿ ಸಹಿ ಹಾಕಿದ್ದು ಎಷ್ಟೋ ಸಲ. ಅಷ್ಟು ಸಾಲದು ಎಂಬುದು ನನಗೂ ಗೊತ್ತಿತ್ತು.

"ಯಾವ ಕಾರು ಓಡಿಸ್ತೀರಿ?" ಎಂದು ಕೇಳಿದೆ. ಅವರ ಮುಖ ಅರಳಿತು. ಕೆ.ಇ.ಬಿ.ಯಲ್ಲಿ ಇಂಜಿನಿಯರ್ ಆಗಿ ಸೇರಿದ್ದ ಅವರು ಮಲೆನಾಡಿನ ವಿದ್ಯುತ್ ಲೈನುಗಳ ಕೆಳಗೆ ಇಲಾಖೆಯ ಜೀಪಿನಲ್ಲಿ ತಿರುಗಿದವರು. ಈಗ ಟಾಪ್ ತೆಗೆಯಬಹುದಾದ ಸೆಕೆಂಡ್ ಹ್ಯಾಂಡ್ ಜಿಪ್ಸಿಯೊಂದನ್ನು ನೋಡಿಟ್ಟಿದ್ದರು. ಜೊತೆಗೆ ಬಂದಿದ್ದ ಮಗ, "ನೀವಾದರೂ ಬೇಡ ಅನ್ನಿ ಸಾರ್" ಎಂದ.

ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ವಯಸ್ಸಾದವರ ಆಸೆಗೆಲ್ಲ ಅಡ್ಡಗೋಡೆ ಕಟ್ಟುವುದು ವೈದ್ಯನ ಕೆಲಸವಲ್ಲ. ಆದರೆ ಕಣ್ಣು ಮುಚ್ಚಿ ಸಹಿ ಹಾಕುವುದೂ ಅಲ್ಲ. 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ, ಬಣ್ಣ ಗೊತ್ತಾಗುತ್ತದೆಯೇ, ಕಿವಿ ಕೇಳಿಸುತ್ತದೆಯೇ ಎಂದು ಆ ಫಾರಂ ಕೇಳುತ್ತದೆ. ಕುತ್ತಿಗೆ ಎಷ್ಟು ತಿರುಗುತ್ತದೆ, ಯಾವ ಗಾಡಿ ಓಡಿಸುತ್ತೀರಿ ಎಂದು ಕೇಳುವುದಿಲ್ಲ.

ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಂಟ ತಿರುಗಿಸದೆ ಕುತ್ತಿಗೆಯನ್ನಷ್ಟೇ ತಿರುಗಿಸಿ ಹಿಂದಿನ ಬಾಗಿಲು ನೋಡಲು ಹೇಳಿದೆ. ಗದ್ದ ಭುಜದತ್ತ ಅರ್ಧ ದಾರಿ ಹೋಗಿ ನಿಂತಿತು. ಕುತ್ತಿಗೆಯ ಮೂಳೆ ಸವೆತ ಈ ವಯಸ್ಸಿನಲ್ಲಿ ಅಪರೂಪವಲ್ಲ. ಮಾಮೂಲಿ ಕಾರಿನಲ್ಲಿ ಹಿಂದಿನ ಗಾಜು, ಪಕ್ಕದ ಗಾಜು, ಕನ್ನಡಿ ಸೇರಿ ಈ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತವೆ. ಕ್ಯಾನ್ವಾಸ್ ಟಾಪಿನ ಗಾಡಿಯ ಕಥೆ ಬೇರೆ. ಟಾಪ್ ತೆಗೆದಾಗ ನಾಲ್ಕು ದಿಕ್ಕೂ ಕಾಣುತ್ತದೆ, ನಿಜ. ಮಳೆ ಬಂದು ಹಾಕಿದಿರೋ, ಹಿಂದಿನ ಎರಡು ಮೂಲೆಗಳು ಮಾಯ. ಹಳೆಯ ಗಾಡಿಯಾದರೆ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿ ತಿರುಗಿ ಮಬ್ಬಾಗಿರುತ್ತದೆ. ಆದ್ದರಿಂದ ಇಂಥ ಗಾಡಿ ನೋಡಲು ಹೋದಾಗ ಟಾಪ್ ಹಾಕಿಸಿಯೇ ರಿವರ್ಸ್ ತೆಗೆದು ನೋಡಿ. ಮಾರುವವರು ತೋರಿಸುವುದು ಯಾವಾಗಲೂ ಟಾಪ್ ತೆಗೆದಿಟ್ಟೇ!

ಪ್ಲಾಸ್ಟಿಕ್ಕಿನ ಮಬ್ಬಿನ ಜೊತೆಗೆ ಕಣ್ಣಿನ ಮಬ್ಬೂ ಸೇರಿದರೆ? 20ರ ಹರೆಯದಲ್ಲಿ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ 60ರ ಹೊತ್ತಿಗೆ ತಲುಪುತ್ತದೆ. ಪೊರೆ ಬೆಳೆಯುತ್ತಿದ್ದರೆ ಎದುರಿನ ಹೆಡ್‌ಲೈಟು ಚದುರಿ ರಸ್ತೆಯನ್ನೇ ನುಂಗಿಬಿಡುತ್ತದೆ. ಗ್ಲಾಕೋಮ ಇನ್ನೂ ಮೋಸದ್ದು. ನೋವಿಲ್ಲದೆ ಪಕ್ಕದ ನೋಟವನ್ನು ಮೆಲ್ಲಗೆ ಕಸಿಯುತ್ತದೆ, ಗೋಡೆಯ ಮೇಲಿನ ಅಕ್ಷರಗಳನ್ನು ಮಾತ್ರ ಸರಾಗವಾಗಿ ಓದಿಸುತ್ತದೆ. ಅದಕ್ಕೇ ಗಾಡಿಗೆ ಮುಂಗಡ ಕೊಡುವ ಮೊದಲು ನೇತ್ರತಜ್ಞರಲ್ಲಿ ಪೊರೆ, ಕಣ್ಣಿನ ಒತ್ತಡ, ಪಕ್ಕದ ನೋಟ ಮೂರನ್ನೂ ಪರೀಕ್ಷಿಸಿಕೊಳ್ಳಿ. ನಮ್ಮ ಇಂಜಿನಿಯರಿಗೆ ಎರಡೂ ಕಣ್ಣಿನಲ್ಲಿ ಪೊರೆ ಇತ್ತು. ಸಹಿ ಆ ದಿನ ಆಗಲಿಲ್ಲ. ಅವರು ನನ್ನ ಮೇಲೆ ಸ್ವಲ್ಪ ಕೋಪಿಸಿಕೊಂಡೇ ಹೋದರು.

ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಎರಡು ತಿಂಗಳ ನಂತರ ಬಂದಾಗ ಕೋಪ ಇಳಿದಿತ್ತು. "ನೀಲಿ ಬಣ್ಣ ಇಷ್ಟು ನೀಲಿ ಅಂತ ಮರೆತೇ ಹೋಗಿತ್ತು ಡಾಕ್ಟ್ರೇ" ಎಂದರು. ಈಗ ಗಾಡಿಯ ಮಾತಾಡಬಹುದಿತ್ತು.

ಸೀಟಿನ ಎತ್ತರ ಮೊದಲು ನೋಡಬೇಕಾದ್ದು. ಬಾಗಿಲು ತೆರೆದು ಸೀಟಿಗೆ ಬೆನ್ನು ಮಾಡಿ ನಿಂತಾಗ ಸೀಟು ನಿಮ್ಮ ತೊಡೆಯ ಮೇಲ್ಭಾಗಕ್ಕೆ ಬಂದರೆ ಒಳ್ಳೆಯದು. ಹಾಗೆಯೇ ಕುಳಿತು ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಬಹುದು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಬಾವಿಗಿಳಿದಂತೆ ಕೂರಬೇಕು, ಸವೆದ ಮೊಣಕಾಲಿಗೆ ಏಳುವಾಗ ಪ್ರಾಣಸಂಕಟ. ಜೀಪಿನ ಜಾತಿಯವಕ್ಕೆ ಏಣಿ ಹತ್ತಿದಂತೆ ಹತ್ತಬೇಕು; ಕಾಲಿಡಲು ಪಕ್ಕದಲ್ಲಿ ಮೆಟ್ಟಿಲು, ಕೈಗೆ ಗಟ್ಟಿ ಹಿಡಿ ಬೇಕೇ ಬೇಕು. ಒಂದು ಸಲ ಹತ್ತಿ ಇಳಿದು ಒಪ್ಪಿಕೊಳ್ಳಬೇಡಿ. ಐದು ಸಲ ಹತ್ತಿ, ಅರ್ಧ ಗಂಟೆ ಓಡಿಸಿ, ಮತ್ತೊಮ್ಮೆ ಇಳಿಯಿರಿ. ಮಾರನೇ ದಿನ ಬೆಳಿಗ್ಗೆ ಮೊಣಕಾಲು ಏನು ಹೇಳುತ್ತದೆ ಕೇಳಿಸಿಕೊಂಡು ಆಮೇಲೆ ದುಡ್ಡು ಎಣಿಸಿ.

1985ರಲ್ಲಿ ಬಂದ ಜಿಪ್ಸಿ ಈಗ ತಯಾರಾಗುತ್ತಿಲ್ಲ. ಅದರಲ್ಲಿ ಆಟೋಮ್ಯಾಟಿಕ್ ಗೇರ್ ಇಲ್ಲ, ಏರ್‌ಬ್ಯಾಗೂ ಇಲ್ಲ. ಇವರು ನೋಡಿಟ್ಟಿದ್ದ ಗಾಡಿಯ ಕ್ಲಚ್ ಬಿಗಿಯಾಗಿತ್ತು. ಪೇಟೆಯ ದಟ್ಟಣೆಯಲ್ಲಿ ನಾಲ್ಕು ಸಿಗ್ನಲ್ ದಾಟುವಷ್ಟರಲ್ಲಿ ಎಡ ಮೊಣಕಾಲು ಸೋತಿತಂತೆ. ಜೊತೆಗೆ 15 ವರ್ಷ ತುಂಬಿದ ಖಾಸಗಿ ಗಾಡಿಗೆ ಮತ್ತೆ ತಪಾಸಣೆ, ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ಮಾಲೀಕನಿಗೂ ಗಾಡಿಗೂ ಒಂದೇ ಶಿಕ್ಷೆ! 2020ರಲ್ಲಿ ಬಂದ ಥಾರ್‌ನಲ್ಲಿ ಮಡಿಸುವ ಟಾಪಿನ ಜೊತೆ ಆಟೋಮ್ಯಾಟಿಕ್ ಗೇರ್ ಇರುವುದೂ ಸಿಗುತ್ತದೆ, ಮುಂದೆ ಎರಡು ಏರ್‌ಬ್ಯಾಗ್ ಇವೆ. ಏರ್‌ಬ್ಯಾಗ್ ಇದ್ದರೆ ಸ್ಟಿಯರಿಂಗಿಗೂ ನಿಮ್ಮ ಎದೆಗೂ ನಡುವೆ ಹತ್ತು ಅಂಗುಲ ಬಿಡಿ. ಕುಳ್ಳಗಿರುವವರು ಸೀಟನ್ನು ತೀರಾ ಮುಂದೆ ಎಳೆದುಕೊಳ್ಳುವುದು ಅಪಾಯ. ಹಳೆಯ ಜೀಪುಗಳ ಹಿಂಭಾಗದಲ್ಲಿರುವ ಎದುರುಬದುರಿನ ಬೆಂಚಿನ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ.

ಹಳೆಯ ಕ್ಯಾನ್ವಾಸ್ ಸೋರುತ್ತದೆ. ಎರಡು ಬಕೆಟ್ ನೀರು ಸುರಿಸಿ ನೋಡಿ. ನೆಲಹಾಸು ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಆಸ್ತಮಾ ಇರುವವರು ಅಲ್ಲಿಂದಲೇ ಕೈಮುಗಿದು ಬನ್ನಿ.

ಬಿಸಿಲಿನ ಮಾತು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ತೆರೆದ ಗಾಡಿಯಲ್ಲಿ ಗಾಳಿ ಬೆವರನ್ನು ಆರಿಸಿಬಿಡುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂದು ತಿಳಿಯುವುದೇ ಇಲ್ಲ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇಳಿದು ನಿಂತಾಗ ತಲೆ ಸುತ್ತಬಹುದು. ಅವುಗಳಲ್ಲಿ ಹೈಡ್ರೋಕ್ಲೋರೋಥಯಜೈಡ್ ಎಂಬುದು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಸೂಕ್ಷ್ಮವಾಗಿಸುತ್ತದೆ. ಬೆಳಗಿನ ಒಂಬತ್ತರೊಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ, ಕತ್ತಲಾಗುವ ಮೊದಲು ಟಾಪ್ ತೆಗೆಯಿರಿ. ಧೂಳಿಗೆ, ಒಣಗಾಳಿಗೆ ಕಣ್ಣು ಮುಚ್ಚುವಂಥ ಕನ್ನಡಕ ಇರಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ಸಕ್ಕರೆ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ತಿಂದು, ಮತ್ತೆ ನೋಡಿಕೊಂಡು ಹೊರಡಿ. ಗ್ಲೂಕೋಸ್ ಕೈಗೆಟುಕುವಲ್ಲಿ ಇರಲಿ. ನೆಗಡಿ, ನಿದ್ದೆ, ಪ್ರಾಸ್ಟೇಟ್ ಇವುಗಳ ಮಾತ್ರೆ ಹೊಸದಾಗಿ ಶುರುವಾದ ದಿನಗಳಲ್ಲಿ ಗಾಡಿಯ ಬೀಗದಕೈ ಮನೆಯಲ್ಲೇ ಇರಲಿ.

ನಮ್ಮ ಇಂಜಿನಿಯರು ಕೊನೆಗೆ ಸೆಕೆಂಡ್ ಹ್ಯಾಂಡ್ ಥಾರ್ ಕೊಂಡರು, ಆಟೋಮ್ಯಾಟಿಕ್. ಕನ್ನಡಿಗಳ ಮೂಲೆಗೆ ಪುಟ್ಟ ಉಬ್ಬುಗನ್ನಡಿ ಅಂಟಿಸಿಕೊಂಡಿದ್ದಾರೆ, ಕುತ್ತಿಗೆಗೆ ದಿನಾ ವ್ಯಾಯಾಮ ನಡೆದಿದೆ, ಕತ್ತಲಾದರೆ ಸ್ಟಿಯರಿಂಗ್ ಮಗನಿಗೆ. ನಾನು ಸಹಿ ಹಾಕಿದೆ. ಒಂದನ್ನು ಮಾತ್ರ ಪರೀಕ್ಷಿಸಲು ಇಬ್ಬರೂ ಮರೆತಿದ್ದೆವು. ಸಕ್ಕರೆ ಕಾಯಿಲೆಯಿಂದ ಅವರ ಬಲ ಭುಜ ಬಿಗಿದುಕೊಂಡಿತ್ತು, ಕೈ ತಲೆಯ ಮೇಲೆ ಏಳುತ್ತಿರಲಿಲ್ಲ. ಥಾರ್‌ನ ಟಾಪನ್ನು ಕೈಯಿಂದಲೇ ಮಡಿಸಬೇಕು. ಈಗ ಫಿಸಿಯೋಥೆರಪಿ ನಡೆದಿದೆ. ಅಲ್ಲಿಯವರೆಗೆ ಟಾಪ್ ತೆಗೆಯಲು ಮೊಮ್ಮಗ ಭಾನುವಾರ ಬರಬೇಕು.