ಕಾಯುವುದನ್ನೇ ಕಸುಬಾಗಿಸಿಕೊಂಡ ಮನೆತನ

ಇಟಲಿಯ ಟಸ್ಕನಿ ಪ್ರಾಂತ್ಯದ ದಕ್ಷಿಣಕ್ಕೆ, ಸಿಯೆನಾ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಗುಡ್ಡದ ನೆತ್ತಿಯ ಮೇಲೆ ಮೊಂಟಾಲ್ಚಿನೊ ಎಂಬ ಕೋಟೆಯೂರಿದೆ. ಈ ಊರಿನ ಕೆಂಪು ವೈನ್ 'ಬ್ರುನೆಲ್ಲೊ ದಿ ಮೊಂಟಾಲ್ಚಿನೊ' ಇಂದು ಜಗತ್ತಿನ ದುಬಾರಿ ವೈನ್‌ಗಳ ಸಾಲಿನಲ್ಲಿ ನಿಲ್ಲುತ್ತದೆ. ಕಲ್ಲಿನ ಕೋಟೆ, ಅದರ ಸುತ್ತ ಇಳಿಜಾರಿನ ದ್ರಾಕ್ಷಿತೋಟ, ನೆಲಮಾಳಿಗೆಯಲ್ಲಿ ಆನೆಗಾತ್ರದ ಓಕ್ ಪೀಪಾಯಿಗಳು. ಇವನ್ನೆಲ್ಲ ಕಂಡವರಿಗೆ ಇದು ರೋಮನ್ನರ ಕಾಲದಿಂದ ಹರಿದುಬಂದ ಪರಂಪರೆ ಅನ್ನಿಸುವುದು ಸಹಜ. ವಾಸ್ತವ ಬೇರೆ. 17ನೆಯ ಶತಮಾನದಲ್ಲಿ ಮೊಂಟಾಲ್ಚಿನೊ ಎಂದರೆ ಜನರ ನೆನಪಿಗೆ ಬರುತ್ತಿದ್ದುದು ಮೊಸ್ಕಾದೆಲ್ಲೊ ಎಂಬ ಸಿಹಿಯಾದ ಬಿಳಿ ವೈನ್. ವೈದ್ಯರೂ ಕವಿಯೂ ಆಗಿದ್ದ ಫ್ರಾಂಚೆಸ್ಕೊ ರೇದಿ 1685ರಲ್ಲಿ ಪ್ರಕಟಿಸಿದ ಕಾವ್ಯದಲ್ಲಿ ಈ ಊರಿನದೆಂದು ಹೊಗಳಿದ್ದು ಅದನ್ನೇ. ನಾವಿಂದು ಬ್ರುನೆಲ್ಲೊ ಎಂದು ಕರೆಯುವ ಪಾನೀಯದ ವಯಸ್ಸು ಒಂದೂವರೆ ಶತಮಾನದ ಆಸುಪಾಸಿನದು. ಅದಕ್ಕೆ ರೂಪ ಕೊಟ್ಟವರಲ್ಲಿ ಮೊದಲ ಸಾಲಿನಲ್ಲಿರುವುದು ಬಿಯೊಂಡಿ ಸಾಂತಿ ಎಂಬ ಮನೆತನ. ಈ ಮನೆತನದ ಕಥೆಯನ್ನು ಗುಟ್ಟಿನ ಪಾಕದ ಕಥೆಯೆಂದೋ ಪುಣ್ಯಭೂಮಿಯ ಕಥೆಯೆಂದೋ ಹೇಳುವುದುಂಟು. ನನ್ನ ವಾದ ಬೇರೆ. ತನ್ನ ನಿರ್ಧಾರದ ಫಲ ತನಗೆ ಕಾಣದಿದ್ದರೂ ಸರಿ, ಮುಂದಿನವರಿಗೆ ಕಾಣಲಿ ಎಂದು ದುಡಿದ ಕೆಲವು ತಲೆಮಾರುಗಳ ಕಥೆ ಇದು. ನಾವು ಪರಂಪರೆ ಎನ್ನುವುದು ಇಲ್ಲಿ ಅಂಥ ನಿರ್ಧಾರಗಳು ಒಂದರ ಮೇಲೊಂದು ಕೂಡಿ ಆದದ್ದು.

ಕಥೆ ತೊಡಗುವುದು ಒಬ್ಬ ಔಷಧಶಾಸ್ತ್ರಜ್ಞರಿಂದ. 1795ರಲ್ಲಿ ಹುಟ್ಟಿದ ಕ್ಲೆಮೆಂತೆ ಸಾಂತಿ ವಿಜ್ಞಾನ ಓದಿಕೊಂಡವರು, ಕೃಷಿಯ ಬಗ್ಗೆ ಬರೆಯುತ್ತಿದ್ದವರು. ಮೊಂಟಾಲ್ಚಿನೊ ಬಳಿಯ ಇಲ್ ಗ್ರೆಪ್ಪೊ ಎಂಬ ಎಸ್ಟೇಟು ಅವರದಾಗಿತ್ತು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ವೈನ್ ಗುರುತಿಸಿಕೊಂಡಿತು. 1869ರಲ್ಲಿ ನೆರೆಯ ಮೊಂಟೆಪುಲ್ಚಾನೊದ ಕೃಷಿ ಮೇಳದಲ್ಲಿ 1865ರ ಸುಗ್ಗಿಯ 'ಆಯ್ದ ಕೆಂಪು ವೈನ್'ಗೆ ಪ್ರಶಸ್ತಿ ಬಂತು. ಆ ವೈನಿನ ಹೆಸರಿನ ಪಕ್ಕದಲ್ಲೇ 'ಬ್ರುನೆಲ್ಲೊ' ಎಂಬ ಮಾತಿತ್ತು. ಕಂದು ಛಾಯೆಯದು ಎಂಬರ್ಥದ ಈ ಪದ ಆಗ ವೈನಿನ ಹೆಸರಾಗಿರಲಿಲ್ಲ, ಸ್ಥಳೀಯರು ಒಂದು ದ್ರಾಕ್ಷಿಯನ್ನು ಕರೆಯುತ್ತಿದ್ದ ಹೆಸರಾಗಿತ್ತು. ಅದು ಈ ಗುಡ್ಡದಲ್ಲಿ ಮಾತ್ರ ಬೆಳೆಯುವ ಪ್ರತ್ಯೇಕ ಜಾತಿ ಎಂದೇ ಜನ ನಂಬಿದ್ದರು. ಸಿಯೆನಾ ಪ್ರಾಂತ್ಯದ ದ್ರಾಕ್ಷಿ ಅಧ್ಯಯನ ಮಂಡಳಿ ಕೆಲವು ವರ್ಷ ಪರೀಕ್ಷಿಸಿ, ಬ್ರುನೆಲ್ಲೊ ಎಂದರೆ ಟಸ್ಕನಿಯ ಉದ್ದಗಲಕ್ಕೂ ಬೆಳೆಯುವ ಸಾಂಜೊವೇಸೆಯೇ ಎಂದು 1879ರಲ್ಲಿ ಹೇಳಿತು. ಊರಿನ ಹೆಮ್ಮೆಗೆ ಇದರಿಂದ ಪೆಟ್ಟು ಬಿದ್ದಿರಬಹುದು. ಆದರೆ ನಮಗೆ ಇದು ಮುಖ್ಯವಾದ ಸುಳಿವು. ದ್ರಾಕ್ಷಿ ಎಲ್ಲರದೂ ಒಂದೇ ಎಂದಾದರೆ, ವೈನ್ ಬೇರೆಯಾದದ್ದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಆ ಕಾರಣ ಕಾಣಸಿಗುವುದು ಕ್ಲೆಮೆಂತೆಯವರ ಮೊಮ್ಮಗನ ಕಾಲದಲ್ಲಿ. ಮಗಳು ಕತೆರೀನಾ ಮದುವೆಯಾದದ್ದು ಫ್ಲಾರೆನ್ಸಿನ ವೈದ್ಯ ಯಾಕೊಪೊ ಬಿಯೊಂಡಿಯವರನ್ನು. ಅವರ ಮಗ ಫೆರ್ರುಚ್ಚೊ ಹದಿಹರೆಯದಲ್ಲೇ ಇಟಲಿಯ ಏಕೀಕರಣದ ಹೋರಾಟಗಾರ ಗ್ಯಾರಿಬಾಲ್ಡಿಯ ಪಡೆ ಸೇರಿ 1866ರ ಯುದ್ಧದಲ್ಲಿ ಹೋರಾಡಿದವರು. ಹಿಂದಿರುಗಿದ ಮೇಲೆ ತಾಯಿಯ ತಂದೆಯ ತೋಟ ನೋಡಿಕೊಂಡರು, ಎರಡೂ ಮನೆಗಳ ಹೆಸರನ್ನು ಜೋಡಿಸಿ ಬಿಯೊಂಡಿ ಸಾಂತಿ ಎನ್ನಿಸಿಕೊಂಡರು. ಆ ದಶಕಗಳಲ್ಲಿ ಯುರೋಪಿನ ದ್ರಾಕ್ಷಿತೋಟಗಳನ್ನು ಬೂದಿರೋಗ ಮತ್ತು ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹುಳು ಕಾಡುತ್ತಿದ್ದವು. ಆ ಹುಳುವನ್ನು ತಡೆಯಬಲ್ಲ ಅಮೆರಿಕದ ಬೇರಿಗೆ ಊರಿನ ಬಳ್ಳಿಯನ್ನು ಕಸಿಕಟ್ಟದೆ ಗತ್ಯಂತರವಿರಲಿಲ್ಲ. ಹೇಗೂ ಹೊಸದಾಗಿ ನೆಡಬೇಕಿದೆಯೆಂದಾಗ, ಬೇಗ ಕಾಸು ತರುವ, ಹೊರೆಹೊರೆಯಾಗಿ ಕಾಯಿ ಬಿಡುವ ಬಳ್ಳಿಯನ್ನು ನೆಡುವುದು ಲೋಕರೂಢಿ. ಫೆರ್ರುಚ್ಚೊ ತಮ್ಮ ತೋಟದ ಸಾಂಜೊವೇಸೆ ಬಳ್ಳಿಗಳಲ್ಲೇ ಉತ್ತಮವಾದವನ್ನು ಆರಿಸಿ ಅವನ್ನೇ ಹೆಚ್ಚಿಸಿದರು. ಜೊತೆಗೆ ಮೂರು ರೂಢಿಗಳನ್ನು ಬಿಟ್ಟರು. ಬೇರೆ ದ್ರಾಕ್ಷಿ ಬೆರೆಸಲಿಲ್ಲ. ಒಣಗಿಸಿದ ದ್ರಾಕ್ಷಿಯ ರಸ ಸೇರಿಸಿ ಎರಡನೆಯ ಬಾರಿ ಹುದುಗಿಸುವ 'ಗೊವೆರ್ನೊ' ಪದ್ಧತಿಯನ್ನು ಕೈಬಿಟ್ಟರು. ಸುಗ್ಗಿಯಾದ ಮರುವರ್ಷವೇ ಮಾರದೆ, ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟರು. ಹೀಗೆ ಬಂದ 1888ರ 'ರಿಸೆರ್ವಾ', ಅಂದರೆ ಅಸಾಧಾರಣ ವರ್ಷದ ಸುಗ್ಗಿಯಿಂದ ಮಾಡಿ ಬಹುಕಾಲ ಮಾಗಿಸಿದ ವೈನ್, ಇಂದಿನ ಬ್ರುನೆಲ್ಲೊದ ಮೊದಲ ಮಾದರಿ. ಆ ಸುಗ್ಗಿಯ ಸೀಸೆಗಳು ಶತಮಾನ ದಾಟಿಯೂ ಉಳಿದುಕೊಂಡವು.

ಇದೆಷ್ಟು ಎದೆಗಾರಿಕೆಯ ಕೆಲಸ ಎಂಬುದು ತಿಳಿಯಬೇಕಾದರೆ ಪಕ್ಕದ ಕಿಯಾಂತಿ ಸೀಮೆಯ ಕಡೆ ನೋಡಬೇಕು. ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾಗಿದ್ದ ಬೆತ್ತೀನೊ ರಿಕಾಸೊಲಿ ತಮ್ಮ ಬ್ರೋಲಿಯೊ ಕೋಟೆಯ ತೋಟದಲ್ಲಿ ದಶಕಗಳ ಕಾಲ ಪ್ರಯೋಗ ನಡೆಸಿ, 1872ರಲ್ಲಿ ಪೀಸಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಗೆ ಪತ್ರ ಬರೆದರು. ಸಾಂಜೊವೇಸೆಯ ಒಗರನ್ನು ತಗ್ಗಿಸಲು ಕನಾಯೊಲೊ, ಎಳೆಯದರಲ್ಲೇ ಕುಡಿಯುವ ವೈನ್ ಆದರೆ ಹಗುರವಾಗಿಸಲು ಬಿಳಿಯ ಮಾಲ್ವಾಸಿಯಾ ಎಂಬ ಹದ ಅವರದು. ಬಹುಕಾಲ ಇಡಬೇಕಾದ ವೈನಿಗೆ ಮಾಲ್ವಾಸಿಯಾ ಬೇಡ ಎಂದೂ ಅವರು ಎಚ್ಚರಿಸಿದ್ದರು. ಕಾಲ ಉಳಿಸಿಕೊಂಡದ್ದು ಹದವನ್ನು, ಮರೆತದ್ದು ಎಚ್ಚರಿಕೆಯನ್ನು. 1967ರಲ್ಲಿ ಕಿಯಾಂತಿಗೆ ಕಾನೂನಿನ ಚೌಕಟ್ಟು ಬಂದಾಗ ಬಿಳಿ ದ್ರಾಕ್ಷಿ ಬೆರೆಸುವುದು ಕಡ್ಡಾಯವೇ ಆಗಿಬಿಟ್ಟಿತ್ತು. ಸಾಂಜೊವೇಸೆಯ ಹುಳಿ ಮತ್ತು ಒಗರು ಎಳೆಯದರಲ್ಲಿ ನಾಲಗೆಗೆ ಒರಟು. ಅದನ್ನು ಪಳಗಿಸಲು ಇದ್ದದ್ದು ಎರಡೇ ದಾರಿ: ಇನ್ನೊಂದನ್ನು ಬೆರೆಸುವುದು ಅಥವಾ ಕಾಯುವುದು. ಬೆರೆಸಿದರೆ ಈ ವರ್ಷವೇ ಹಣ ಕೈಗೆ ಬರುತ್ತದೆ. ಕಾದರೆ ಬಂಡವಾಳ ನೆಲಮಾಳಿಗೆಯಲ್ಲಿ ಕತ್ತಲು ಹೊದ್ದು ಮಲಗುತ್ತದೆ. ಆದರೆ ಎಳೆಯದರಲ್ಲಿ ಒರಟೆನಿಸುವ ಅದೇ ಹುಳಿ, ಅದೇ ಒಗರು ವೈನನ್ನು ಕೆಡದಂತೆ ಕಾಪಾಡುವ ಶಕ್ತಿಯೂ ಹೌದು. ದೋಷವನ್ನು ಮರೆಮಾಚುವ ಬದಲು ಅದನ್ನು ಗುಣವಾಗಿ ಮಾಗಲು ಬಿಡಬಹುದು ಎಂಬುದು ಬಿಯೊಂಡಿ ಸಾಂತಿಗಳ ಕಾಣ್ಕೆ.

ಮೂರನೆಯ ಘಟ್ಟ ಫೆರ್ರುಚ್ಚೊ ಅವರ ಮಗ ತಾಂಕ್ರೇದಿಯದು. ವೈನ್ ತಯಾರಿಕೆಯನ್ನು ಶಾಸ್ತ್ರವಾಗಿ ಓದಿಕೊಂಡ ಇವರು ತಂದೆ ಕಂಡುಕೊಂಡದ್ದನ್ನು ನಿಯಮವಾಗಿ ಕಟ್ಟಿದರು. ಹಳೆಯ ಸೀಸೆಯಲ್ಲಿ ಬಿರಡೆಯ ಮೂಲಕ ವೈನ್ ಮೆಲ್ಲಗೆ ಆವಿಯಾಗಿ ಮಟ್ಟ ಇಳಿಯುತ್ತದೆ, ಆ ಜಾಗಕ್ಕೆ ಗಾಳಿ ನುಗ್ಗಿ ಉಳಿದದ್ದನ್ನೂ ಕೆಡಿಸುತ್ತದೆ. ಇದಕ್ಕೆ ಅವರ ಪರಿಹಾರ 'ರಿಕೊಲ್ಮತೂರಾ'. ಸೀಸೆ ಬಿಚ್ಚಿ, ರುಚಿ ಪರೀಕ್ಷಿಸಿ, ಅದೇ ವರ್ಷದ ಇನ್ನೊಂದು ಸೀಸೆಯ ವೈನಿನಿಂದ ಕೊರತೆ ತುಂಬಿ, ಹೊಸ ಬಿರಡೆ ಹಾಕುವುದು. ಎರಡನೆಯ ಮಹಾಯುದ್ಧದ ರಣಭೂಮಿ ಟಸ್ಕನಿಗೆ ಬಂದಾಗ ತಾಂಕ್ರೇದಿ ಹಳೆಯ ರಿಸೆರ್ವಾಗಳ ಮುಂದೆ ಗೋಡೆ ಕಟ್ಟಿಸಿ ಅವನ್ನು ಸೈನಿಕರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟರು. 1888 ಮತ್ತು 1891ರ ಸುಗ್ಗಿಗಳು ನಮ್ಮ ಕಾಲಕ್ಕೆ ಸಾಕ್ಷಿ ಹೇಳಲು ಉಳಿದದ್ದು ಹೀಗೆ. ಯುದ್ಧ ಮುಗಿಯುವ ಹೊತ್ತಿಗೆ ಮನೆತನ ರಿಸೆರ್ವಾ ಎಂದು ಘೋಷಿಸಿದ್ದು ನಾಲ್ಕೇ ಸುಗ್ಗಿಗಳನ್ನು ಎನ್ನುತ್ತಾರೆ: 1888, 1891, 1925 ಮತ್ತು 1945. 1966ರಲ್ಲಿ ಬ್ರುನೆಲ್ಲೊಗೆ ಸರ್ಕಾರದ ಮೂಲಸ್ಥಾನ ಮಾನ್ಯತೆ ಸಿಕ್ಕಾಗ, ಅದರ ನಿಯಮಾವಳಿಯ ರಚನೆಯಲ್ಲಿ ತಾಂಕ್ರೇದಿಯವರ ಅನುಭವ ದೊಡ್ಡ ಪಾತ್ರ ವಹಿಸಿತು. ಪೂರ್ತಿ ಸಾಂಜೊವೇಸೆ, ವರ್ಷಗಟ್ಟಲೆ ಮಾಗುವಿಕೆ. ಒಂದು ಮನೆಯ ಪದ್ಧತಿ ಇಡೀ ಊರಿನ ಕಾನೂನಾಯಿತು. 1969ರಲ್ಲಿ ಲಂಡನ್ನಿನ ಇಟಲಿ ರಾಯಭಾರ ಕಚೇರಿಯಲ್ಲಿ ಅಧ್ಯಕ್ಷ ಜುಸೆಪ್ಪೆ ಸರಗಾತ್ ಅವರು ರಾಣಿ ಎಲಿಜಬೆತ್ ಅವರಿಗೆ ಕೊಟ್ಟ ಔತಣದಲ್ಲಿ ಬಡಿಸಿದ್ದು ಬಿಯೊಂಡಿ ಸಾಂತಿಯ 1955ರ ರಿಸೆರ್ವಾ. ಲೋಕದ ಗಮನ ಈ ಗುಡ್ಡದ ಕಡೆ ತಿರುಗಿದ್ದು ಆ ಬಳಿಕ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಮಣ್ಣಿನದು. ಮನುಷ್ಯರನ್ನು ಇಷ್ಟು ಹೊಗಳುವುದೇಕೆ, ಬಿಸಿಲು ಚೆನ್ನಾಗಿ ಬೀಳುವ, ಮಳೆ ಕಡಿಮೆಯಿರುವ, ಗಾಳಿಯಾಡುವ ಈ ಗುಡ್ಡವೇ ವೈನನ್ನು ಮಾಡಿತಲ್ಲವೇ ಎಂದು ಕೇಳಬಹುದು. ನೆಲದ ಋಣವನ್ನು ಯಾರೂ ಅಲ್ಲಗಳೆಯಲಾಗದು. ಬೇರೆಡೆ ಹೀಗೆ ಬರಿಯ ಸಾಂಜೊವೇಸೆಯನ್ನು ಮಾಗಿಸಿದ್ದರೆ ಇದೇ ಫಲ ಸಿಗುತ್ತಿತ್ತೆಂದು ಹೇಳಲು ಬರುವುದಿಲ್ಲ. ಆದರೆ ಮೊಸ್ಕಾದೆಲ್ಲೊ ಕಾಲದಲ್ಲಿಯೂ ಇದೇ ಮಣ್ಣಿತ್ತು, ಇದೇ ಬಿಸಿಲಿತ್ತು. ಶತಮಾನಗಳ ಕಾಲ ಈ ಗುಡ್ಡ ಸಿಹಿ ಬಿಳಿ ವೈನಿಗೆ ಹೆಸರಾಗಿತ್ತು. ಮಣ್ಣು ಸಾಧ್ಯತೆಯನ್ನು ಕೊಡುತ್ತದೆ. ಯಾವ ಸಾಧ್ಯತೆಯನ್ನು ಹಿಡಿದು ಮೂರು ತಲೆಮಾರು ಜಗ್ಗಬೇಕೆಂಬುದನ್ನು ಹೇಳಿಕೊಡುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಕಾಯುವುದು ಉಳ್ಳವರ ಸೌಭಾಗ್ಯವಲ್ಲವೇ? ಖಂಡಿತ. ಟಸ್ಕನಿಯ ಭೂಮಿಯನ್ನು ಬಹುಕಾಲ ಉತ್ತದ್ದು ಮೆಜ್ಜಾದ್ರಿಯಾ ಪದ್ಧತಿಯ ಗೇಣಿದಾರ ಕುಟುಂಬಗಳು. ಬೆಳೆದುದರಲ್ಲಿ ಅರ್ಧ ಧಣಿಗೆ, ಅರ್ಧ ದುಡಿದವರಿಗೆ. ಆ ಅರ್ಧದಲ್ಲಿ ವರ್ಷ ಕಳೆಯಬೇಕಾದ ಕುಟುಂಬಕ್ಕೆ ವೈನನ್ನು ಐದು ವರ್ಷ ಕೂಡಿಡು ಎಂದು ಹೇಳುವಂತಿರಲಿಲ್ಲ. ಹೊಸ ಗೇಣಿ ಒಪ್ಪಂದಗಳನ್ನು 1964ರ ಕಾನೂನು ನಿಷೇಧಿಸುವ ಹೊತ್ತಿಗೆ ಹಳ್ಳಿಗಳು ಖಾಲಿಯಾಗುತ್ತಿದ್ದವು. ಅದೇ ವರ್ಷ ಉತ್ತರ ದಕ್ಷಿಣಗಳನ್ನು ಬೆಸೆಯುವ ಹೆದ್ದಾರಿ ಪೂರ್ತಿಯಾಗಿ, ಊರಿನ ಸಮೀಪ ಹಾದುಹೋಗುವ ಹಳೆಯ ಕಾಸಿಯಾ ರಸ್ತೆಯ ಓಡಾಟವೂ ಕಡಿಮೆಯಾಯಿತು. ಮೊಂಟಾಲ್ಚಿನೊ ಆಗ ಬಡ ಊರು. ಆದ್ದರಿಂದ ಒಂದು ಮನೆತನದ ಹೆಸರು ಹೇಳುವಾಗ ಅವರ ಬಳ್ಳಿ ಸವರಿದ, ಬುಟ್ಟಿ ಹೊತ್ತ ಹೆಸರಿಲ್ಲದ ಕೈಗಳನ್ನೂ, ಬ್ರುನೆಲ್ಲೊವನ್ನು ಆರಂಭದಲ್ಲೇ ಬೆಳೆಸಿದ ಕೊಸ್ತಾಂತಿ, ಕೊಲೊಂಬೀನಿಯಂಥ ಬೇರೆ ಮನೆತನಗಳನ್ನೂ ನೆನೆಯುವುದು ನ್ಯಾಯ. ಆದರೆ ಟಸ್ಕನಿಯಲ್ಲಿ ಇವರಿಗಿಂತ ಸಿರಿವಂತರಾದ ಭೂಮಾಲೀಕರು ಎಷ್ಟೋ ಮಂದಿ ಇದ್ದರು. ಅನುಕೂಲ ಇದ್ದವರೆಲ್ಲ ಅದನ್ನು ಕಾಯಲು ಬಳಸಲಿಲ್ಲ. ಇವರು ಕಾದು ತೋರಿಸಿದ್ದರಿಂದ ಮುಂದೆ ಆ ಊರಿನ ಸಣ್ಣ ಹಿಡುವಳಿದಾರರಿಗೂ ಬದುಕುವ ದಾರಿ ತೆರೆಯಿತು. 1960ರ ದಶಕದಲ್ಲಿ ಬೆರಳೆಣಿಕೆಯಷ್ಟಿದ್ದ ಉತ್ಪಾದಕರು ಈ ಶತಮಾನದ ಆರಂಭಕ್ಕೆ ಇನ್ನೂರರ ಸಮೀಪ ಬಂದರು. ಅವರಲ್ಲಿ ಹೆಚ್ಚಿನವರು ಸಣ್ಣ ಕುಟುಂಬದವರು.

ಮೂರನೆಯದು: ಕಾನೂನು ಇದ್ದ ಮೇಲೆ ಮನೆತನದ ಮಾತೇಕೆ? 1980ರಲ್ಲಿ ಬ್ರುನೆಲ್ಲೊಗೆ ಇಟಲಿಯ ಅತ್ಯುನ್ನತ ಮೂಲಸ್ಥಾನ ಮಾನ್ಯತೆಯೂ ಸಿಕ್ಕಿತು. ಅದಾದ ಮೇಲೆ ಬೇಡಿಕೆ ಏರಿತು, ದ್ರಾಕ್ಷಿಗೆ ಹೊಂದದ ಜಮೀನಿಗೂ ತೋಟ ಹಬ್ಬಿತು. ಗಾಢ ಬಣ್ಣದ, ಮೆದುವಾದ ವೈನ್ ಕೇಳುವ ಮಾರುಕಟ್ಟೆಯ ಒತ್ತಡವೂ ಸೇರಿತು. ಬೇರೆ ದ್ರಾಕ್ಷಿ ಬೆರೆಸಲಾಗಿದೆ ಎಂಬ ಶಂಕೆಯ ಮೇಲೆ 2008ರಲ್ಲಿ ಸಿಯೆನಾದ ಅಭಿಯೋಜಕರು ತನಿಖೆಗಿಳಿದರು, ಭಾರಿ ಪ್ರಮಾಣದ ವೈನಿನ ಮಾರಾಟಕ್ಕೆ ತಡೆ ಬಿತ್ತು. ನಿಯಮವನ್ನೇ ಸಡಿಲಿಸಿ ಬೆರೆಸಲು ಅನುಮತಿ ಕೊಡಿ ಎಂಬ ವಾದವೂ ಎದ್ದಿತು. ತಾಂಕ್ರೇದಿಯವರ ಮಗ, ಆಗ ಎಂಬತ್ತು ದಾಟಿದ್ದ ಫ್ರಾಂಕೊ ಬಿಯೊಂಡಿ ಸಾಂತಿ ಪೂರ್ತಿ ಸಾಂಜೊವೇಸೆಯ ಪರವಾಗಿ ಗಟ್ಟಿಯಾಗಿ ನಿಂತರು. ಅದೇ ವರ್ಷ ಉತ್ಪಾದಕರ ಒಕ್ಕೂಟ ಭಾರಿ ಬಹುಮತದಿಂದ ಹಳೆಯ ನಿಯಮವನ್ನೇ ಎತ್ತಿಹಿಡಿಯಿತು. ಕಾನೂನಿಗೆ ಬೇಲಿ ಹಾಕಲು ಬರುತ್ತದೆ. ಆ ಬೇಲಿ ಏಕೆ ಬೇಕಾಯಿತು ಎಂಬ ನೆನಪು ಉಳಿಯಬೇಕಾದರೆ ಅದನ್ನು ಬಾಳಿ ತೋರಿಸಿದವರು ಬೇಕು. 1888ರ ಸೀಸೆ ನೆಲಮಾಳಿಗೆಯಲ್ಲಿ ಇದ್ದದ್ದರಿಂದಲೇ ಫ್ರಾಂಕೊ ಅವರ ವಾದಕ್ಕೆ ತೂಕ ಬಂತು.

ಇದೆಲ್ಲ ಅಪರೂಪವನ್ನು ಬೆಲೆಯಾಗಿಸುವ ವ್ಯಾಪಾರದ ಜಾಣತನ ಎನ್ನುವವರೂ ಇದ್ದಾರೆ. ಅಪರೂಪಕ್ಕೆ ಬೆಲೆ ಬಂದದ್ದು ನಿಜ. ಆದರೆ ಗ್ರೆಪ್ಪೊ ಎಸ್ಟೇಟಿನ ಒಂದು ಕಟ್ಟುನಿಟ್ಟನ್ನು ಗಮನಿಸಬೇಕು. ಹತ್ತು ವರ್ಷ ತುಂಬದ ಬಳ್ಳಿಯ ಹಣ್ಣು ಬ್ರುನೆಲ್ಲೊಗೆ ಸಲ್ಲದು, ಅದು ಕೆಳಗಿನ ದರ್ಜೆಯ ವೈನಿಗೆ. ರಿಸೆರ್ವಾಗೆ ಬಳ್ಳಿಗೆ ಇಪ್ಪತ್ತೈದು ದಾಟಿರಬೇಕು, ವರ್ಷವೂ ಅಸಾಧಾರಣವಾಗಿರಬೇಕು. ಆಮೇಲೆ ಪೀಪಾಯಿಯ ವರ್ಷಗಳು, ಸೀಸೆಯ ದಶಕಗಳು. ನಡುವಯಸ್ಸಿನಲ್ಲಿ ಬಳ್ಳಿ ನೆಟ್ಟವರು ಅದರ ರಿಸೆರ್ವಾ ಮಾಗುವುದನ್ನು ಕಾಣುವ ಸಂಭವ ಕಡಿಮೆ. ಬರಿಯ ಲಾಭಕ್ಕಾಗಿ ಇಂಥ ಲೆಕ್ಕವನ್ನು ಯಾವ ವ್ಯಾಪಾರಿಯೂ ಹಾಕುವುದಿಲ್ಲ.

ಉಳಿದದ್ದು ಕೊನೆಯ ಮತ್ತು ಅತ್ಯಂತ ಕಠಿಣ ಪ್ರಶ್ನೆ. ಫ್ರಾಂಕೊ 2013ರಲ್ಲಿ ತೀರಿಕೊಂಡರು. 2016ರ ಕೊನೆಯಲ್ಲಿ ಸಂಸ್ಥೆಯ ಬಹುಪಾಲು ಷೇರುಗಳು ಫ್ರಾನ್ಸಿನ ಇಪಿಐ ಸಮೂಹದ ಕೈಸೇರಿದವು. ಷಾಂಪೇನ್ ಸೀಮೆಯ ಪೈಪರ್ ಹೈಡ್‌ಸೀಕ್ ಮತ್ತು ಚಾರ್ಲ್ಸ್ ಹೈಡ್‌ಸೀಕ್ ಸಂಸ್ಥೆಗಳೂ ಇದರವೇ. ಇದೂ ಒಂದು ಕುಟುಂಬದ ಒಡೆತನದ ಸಮೂಹ, ಆದರೆ ಆ ಕುಟುಂಬ ಬೇರೆ. ಹಾಗಾದರೆ ತಲೆಮಾರುಗಳ ವಾದ ಬಿದ್ದುಹೋಯಿತೇ? ರಕ್ತಸಂಬಂಧವೇ ಈ ವೈನಿನ ಸಾರ ಎಂದಿದ್ದರೆ ಹೌದು. ಆದರೆ ಅದು ಆರಂಭದಿಂದಲೂ ಹಾಗಿರಲಿಲ್ಲ. ಸಾಂತಿಯವರ ತೋಟ ಮಗಳ ಮೂಲಕ ಬಿಯೊಂಡಿಯವರಿಗೆ ಬಂತು, ಹೆಸರೇ ಎರಡು ಮನೆಗಳದು. ಫೆರ್ರುಚ್ಚೊ ಆರಿಸಿಕೊಂಡ ಬಳ್ಳಿಯ ವಂಶವನ್ನು ಫ್ರಾಂಕೊ ಫ್ಲಾರೆನ್ಸ್ ವಿಶ್ವವಿದ್ಯಾಲಯದ ನೆರವಿನಿಂದ ಪರೀಕ್ಷೆಗೊಡ್ಡಿ, ಬಿಬಿಎಸ್ 11 ಎಂಬ ಹೆಸರಿನಲ್ಲಿ ದಾಖಲಿಸಿಟ್ಟಿದ್ದರು. ಮನೆತನ ತನಗೆ ತಿಳಿದದ್ದನ್ನು ರಕ್ತದಲ್ಲಿ ಬಿಡದೆ ಬಳ್ಳಿಯಲ್ಲಿ, ನಿಯಮದಲ್ಲಿ, ಸೀಸೆಯಲ್ಲಿ ಇರಿಸಿತು. ಆದ್ದರಿಂದ ಇನ್ನೊಬ್ಬರು ಅದನ್ನು ಎತ್ತಿಕೊಳ್ಳಬಹುದು. ಅವರು ಎತ್ತಿಕೊಂಡರೋ ಇಲ್ಲವೋ ಎಂಬುದು ಇಂದು ನೆಟ್ಟ ಬಳ್ಳಿಗೆ ಇಪ್ಪತ್ತೈದು ತುಂಬಿದಾಗ ತಿಳಿಯುತ್ತದೆ. ಅಲ್ಲಿಯವರೆಗೆ ಗ್ರೆಪ್ಪೊದ ನೆಲಮಾಳಿಗೆಯಲ್ಲಿ ಹಳೆಯ ರಿಸೆರ್ವಾಗಳನ್ನು ಯಾರಾದರೂ ಕಾಯುತ್ತಿರಬೇಕು, ಮಟ್ಟ ಇಳಿದ ಸೀಸೆಗಳನ್ನು ತುಂಬಲು ಅದೇ ವರ್ಷದ ಇನ್ನೊಂದು ಸೀಸೆಯನ್ನು ಬಿಚ್ಚಲು ಮನಸ್ಸು ಮಾಡಬೇಕು.