ಅಚ್ಚಿನಲ್ಲಿ ಉಳಿಯದ ಗೆರೆಗಳು

ಕಪ್ಪು ಶಾಯಿಯಲ್ಲಿ ಬರೆದ ಚಿತ್ರವನ್ನು ಬಣ್ಣದ ಚಿತ್ರವೆಂದೇ ಬಗೆದು ಸ್ಕ್ಯಾನ್ ಮಾಡಿ, ನಾಲ್ಕು ಬಣ್ಣಗಳಲ್ಲಿ ಅಚ್ಚು ಹಾಕಿದರೆ ಏನಾಗುತ್ತದೆ? ಚಿತ್ರ ಕಪ್ಪು–ಬಿಳುಪಾಗಿಯೇ ಇರುತ್ತದೆ, ಆದರೆ ಕಪ್ಪು ಎಲ್ಲ ಕಡೆ ಒಂದೇ ಕಪ್ಪಾಗಿರುವುದಿಲ್ಲ. ಕುಂಚದಲ್ಲಿ ಶಾಯಿ ತೀರುತ್ತ ಬಂದ ಕಡೆ ಅದು ಕಂದಿದೆ, ಎರಡನೆಯ ಸಲ ತೀಡಿದ ಕಡೆ ಗಟ್ಟಿಯಾಗಿ ಕೂತಿದೆ. ಕಾಗದ ಹಳದಿಗೆ ತಿರುಗಿದೆ. ಗೆರೆಗಳ ಅಡಿಯಲ್ಲಿ ತಿಳಿನೀಲಿ ಪೆನ್ಸಿಲಿನ ಗೀಚು, ಅಂಚಿನಲ್ಲಿ ಸಂಪಾದಕರ ಟಿಪ್ಪಣಿ, ಮೂಗೊಂದನ್ನು ತಿದ್ದಲು ಬಳಿದ ಬಿಳಿ ಬಣ್ಣ, ಮಾತಿನ ಗುಳ್ಳೆಯನ್ನು ಬೇರೆ ಚೀಟಿಯಲ್ಲಿ ಬರೆದು ಅಂಟಿಸಿದಲ್ಲಿ ಗೋಂದಿನ ಕಂದು ಕಲೆ. ಓದುಗನ ಕೈಗೆ ಬರುವ ಕಾಮಿಕ್ಸ್ ಪುಸ್ತಕದಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ.

ಇಂಥ ಮೂಲಪುಟಗಳನ್ನು ಬರೆದ ಅಳತೆಯಲ್ಲೇ ಅಚ್ಚು ಹಾಕಿ ಕಟ್ಟಿದ ಪುಸ್ತಕಕ್ಕೆ ‘ಆರ್ಟಿಸ್ಟ್ಸ್ ಎಡಿಷನ್’ ಎಂದು ಹೆಸರು. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಐಡಿಡಬ್ಲ್ಯು ಪ್ರಕಾಶನ 2010ರಲ್ಲಿ ಡೇವ್ ಸ್ಟೀವನ್ಸ್ ಅವರ ‘ದಿ ರಾಕೆಟಿಯರ್’ ಕೃತಿಯಿಂದ ಈ ಮಾಲೆಯನ್ನು ಶುರು ಮಾಡಿತು. ಆ ಪುಸ್ತಕ ಸುಮಾರು 12 ಅಂಗುಲ ಅಗಲ, 17 ಅಂಗುಲ ಎತ್ತರ. ಕೈಯಲ್ಲಿ ಹಿಡಿದು ಓದಲು ಆಗುವುದಿಲ್ಲ. ಮೇಜಿನ ಮೇಲೋ ನೆಲದ ಮೇಲೋ ಹರವಿಕೊಂಡು ಕೂರಬೇಕು. ಕಾಮಿಕ್ಸ್ ಕ್ಷೇತ್ರದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿಯಲ್ಲಿ ಹಳೆಯ ಕೃತಿಗಳ ಸಂಗ್ರಹಕ್ಕೆ ಮೀಸಲಾದ ವಿಭಾಗವೊಂದಿದೆ. 2011ರಲ್ಲಿ ಅದು ‘ರಾಕೆಟಿಯರ್’ಗೆ ಸಿಕ್ಕಿತು. 2012ರಲ್ಲಿ ವಾಲ್ಟರ್ ಸೈಮನ್‌ಸನ್ ಅವರ ‘ಥಾರ್’, 2013ರಲ್ಲಿ ಡೇವಿಡ್ ಮಜುಕೆಲ್ಲಿ ಬರೆದ ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಪುಟಗಳಿಗೆ. ಮೂರು ವರ್ಷ ಮೂರೂ ಇದೇ ಮಾಲೆಯವು.

ಸಿನಿಮಾ, ಕಾಮಿಕ್ಸ್, ಅನಿಮೇಷನ್ ಅಭಿಮಾನಿಗಳಿಗೆಂದೇ ಬರುವ ಚಿತ್ರಪುಸ್ತಕಗಳ ಕುಟುಂಬ ದೊಡ್ಡದು. ‘ದಿ ಆರ್ಟ್ ಆಫ್ ಸ್ಟಾರ್ ವಾರ್ಸ್’ 1979ರಲ್ಲೇ ಬಂತು. ಜಪಾನಿನ ಘಿಬ್ಲಿ ಸ್ಟುಡಿಯೊ, ಅಮೆರಿಕದ ಪಿಕ್ಸಾರ್ ಸಿನಿಮಾಗಳ ಜೊತೆಗೆ ಒಂದೊಂದು ‘ಆರ್ಟ್ ಆಫ್’ ಪುಸ್ತಕ ಹೊರಬರುವುದು ಈಗ ವಾಡಿಕೆಯೇ ಆಗಿದೆ. ಅಲೆಕ್ಸ್ ರಾಸ್ ಅವರ ವರ್ಣಚಿತ್ರಗಳ ಬಗ್ಗೆ ವಿನ್ಯಾಸಕಾರ ಚಿಪ್ ಕಿಡ್ 2003ರಲ್ಲಿ ಮಾಡಿದ ‘ಮಿಥಾಲಜಿ’ ಇನ್ನೊಂದು ಜಾತಿಯದು. ಇವುಗಳಲ್ಲಿ ಹಲವು ಸಿನಿಮಾದ ಪ್ರಚಾರಕ್ಕಷ್ಟೇ ಮೀಸಲು. ಪುಟ ತಿರುಗಿಸಿದರೆ ಕಣ್ಣಿಗೆ ಹಬ್ಬ, ಮನಸ್ಸಿಗೆ ಏನೂ ಉಳಿಯುವುದಿಲ್ಲ. ಬೆಲೆ ಬಾಳುವುದು ಬಿಟ್ಟುಬಿಟ್ಟ ಚಿತ್ರಗಳನ್ನೂ ತೋರಿಸುವ ಪುಸ್ತಕ. ‘ಸ್ಟಾರ್ ವಾರ್ಸ್’ನ ಖಳ ಡಾರ್ತ್ ವೇಡರ್‌ನ ಮುಖವಾಡ ಬಂದ ಬಗೆಯನ್ನೇ ನೋಡಿ. ಒಂದು ಹಡಗಿನಿಂದ ಇನ್ನೊಂದಕ್ಕೆ ಗಾಳಿಯಿಲ್ಲದ ಬಾಹ್ಯಾಕಾಶವನ್ನು ದಾಟಿ ಬರುವವನು ಉಸಿರಾಡುವುದು ಹೇಗೆ ಎಂದು ಕಲಾವಿದ ರಾಲ್ಫ್ ಮೆಕ್ವಾರಿ ಯೋಚಿಸಿದರು; ಹಾಗಾಗಿ ಉಸಿರಾಟದ ಮುಖವಾಡ ತೊಡಿಸಿದರು. ಖಳನಾಯಕನ ಆ ಉಸಿರಿನ ಸದ್ದಿಗೆ ಬೇರು ಒಂದು ಚಿತ್ರದಲ್ಲಿದೆ. ಇಂಥ ಪುಸ್ತಕವನ್ನು ಕೊಳ್ಳುವುದು ಅಲಂಕಾರಕ್ಕಲ್ಲ, ಯೋಚನೆಯ ಜಾಡು ಹಿಡಿಯುವುದಕ್ಕೆ. ಆ ಜಾಡು ಅತ್ಯಂತ ಸ್ಪಷ್ಟವಾಗಿ ಕಾಣುವುದು ಆರ್ಟಿಸ್ಟ್ಸ್ ಎಡಿಷನ್‌ಗಳಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದು ಹೇಗೆಂದು ತಿಳಿಯಲು ಕಂಪ್ಯೂಟರ್ ಬರುವ ಮೊದಲು ಕಾಮಿಕ್ಸ್ ಪುಟ ತಯಾರಾಗುತ್ತಿದ್ದ ಕ್ರಮ ಗೊತ್ತಿರಬೇಕು. ಅಚ್ಚಾದ ಅಮೆರಿಕನ್ ಸಂಚಿಕೆಯ ಅಳತೆ ಸುಮಾರು ಆರೂವರೆ ಅಂಗುಲಕ್ಕೆ ಹತ್ತು ಅಂಗುಲ. 1967ರ ಸುಮಾರಿನ ತನಕ ಕಲಾವಿದರು ಹೆಚ್ಚುಕಡಿಮೆ ಅದರ ಇಮ್ಮಡಿ ಅಳತೆಯ ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಬರೆಯುತ್ತಿದ್ದರು. ಆಮೇಲೆ ಅದು ಒಂದೂವರೆ ಪಟ್ಟಿಗೆ ಇಳಿಯಿತು. ಕುಗ್ಗಿಸಿದಾಗ ಗೆರೆಯ ನಡುಕ, ಸಣ್ಣಪುಟ್ಟ ಒರಟು ಮಾಯವಾಗುತ್ತವೆ ಎಂಬುದು ದೊಡ್ಡದಾಗಿ ಬರೆಯುವುದರ ಲಾಭ. ಒಬ್ಬರು ಪೆನ್ಸಿಲಿನಲ್ಲಿ ಬರೆಯುವರು, ಅಕ್ಷರಗಾರರು ಮಾತುಗಳನ್ನು ಬರೆಯುವರು, ಇಂಕರ್ ಪೆನ್ನು–ಕುಂಚದಿಂದ ಶಾಯಿ ಕೂರಿಸುವರು. ಪೆನ್ಸಿಲ್ ಗೆರೆಗಳನ್ನು ಆಮೇಲೆ ರಬ್ಬರಿನಿಂದ ಅಳಿಸುವರು. ತಿಳಿನೀಲಿ ಪೆನ್ಸಿಲಿನಲ್ಲಿ ಬರೆದಿದ್ದರೆ ಆ ಶ್ರಮವೂ ಬೇಡ. ಅಚ್ಚಿನ ಕ್ಯಾಮೆರಾದ ಫಿಲ್ಮಿಗೆ ತಿಳಿನೀಲಿ ಕಾಣುತ್ತಿರಲಿಲ್ಲ. ತಪ್ಪಾದರೆ ಮೇಲೆ ಬಿಳಿ ಬಣ್ಣ. ಇಡೀ ಚೌಕವೇ ಕೆಟ್ಟರೆ ಹೊಸದಾಗಿ ಬರೆದು ಅದರ ಮೇಲೆ ಅಂಟಿಸುವುದು.

ಬಣ್ಣವಂತೂ ಮೂಲ ಹಾಳೆಯ ಮೇಲೆ ಬೀಳುತ್ತಲೇ ಇರಲಿಲ್ಲ. ಚಿತ್ರದ ಕಿರಿದಾದ ನಕಲಿನ ಮೇಲೆ ಬಣ್ಣಗಾರರು ಬಣ್ಣ ಹಚ್ಚಿ, ಎಲ್ಲಿ ಎಷ್ಟು ಹಳದಿ, ಎಷ್ಟು ಕೆಂಪು, ಎಷ್ಟು ನೀಲಿ ಎಂದು ಸಂಕೇತ ಬರೆದು ಕಳಿಸುತ್ತಿದ್ದರು. ಅದನ್ನು ನೋಡಿಕೊಂಡು ಬೇರೆ ಕಡೆ ಒಂದೊಂದು ಬಣ್ಣಕ್ಕೂ ಪ್ಲೇಟು ತಯಾರಾಗುತ್ತಿತ್ತು. ಕೊನೆಗೆ ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ವೇಗದ ಯಂತ್ರದಲ್ಲಿ ಮುದ್ರಣ. 1960ರ ದಶಕದ ನಡುವೆ ಸಂಚಿಕೆಯ ಬೆಲೆ 12 ಸೆಂಟ್. ಕೂದಲೆಳೆಯಂಥ ಗೆರೆಗಳು ಆ ಕಾಗದದಲ್ಲಿ ಹರಡಿ ಒಂದಾಗುತ್ತಿದ್ದವು. ಕಲಾವಿದ ಬರೆದದ್ದಕ್ಕೂ ಓದುಗ ನೋಡಿದ್ದಕ್ಕೂ ನಡುವೆ ಇಷ್ಟೊಂದು ಮೆಟ್ಟಿಲು.

ಸ್ಕಾಟ್ ಡನ್‌ಬಿಯರ್ ಎಂಬ ಸಂಪಾದಕರ ಆಲೋಚನೆ ಈ ಮೆಟ್ಟಿಲುಗಳನ್ನು ಹಿಂದಕ್ಕೆ ಹತ್ತುವುದಾಗಿತ್ತು. ಅವರು ಸಂಪಾದಕರಾಗುವ ಮೊದಲು ಕಾಮಿಕ್ಸ್ ಮೂಲಪುಟಗಳ ವ್ಯಾಪಾರಿ. ಆ ಹಾಳೆಗಳನ್ನು ಕೈಯಲ್ಲಿ ಹಿಡಿದು ಪಳಗಿದವರು. ಮೊದಲ ಪುಸ್ತಕಕ್ಕೆ ಅವರು ಆರಿಸಿಕೊಂಡ ಸ್ಟೀವನ್ಸ್ ಅವಸರದ ಕಲಾವಿದರಲ್ಲ. ಬೆನ್ನಿಗೆ ರಾಕೆಟ್ ಕಟ್ಟಿಕೊಂಡು ಹಾರುವ 1930ರ ದಶಕದ ವಿಮಾನ ಚಾಲಕನೊಬ್ಬನ ಕಥೆಯನ್ನು 1982ರಲ್ಲಿ ಆರಂಭಿಸಿ, ಹತ್ತು ವರ್ಷಕ್ಕೂ ಮಿಕ್ಕಿದ ಕಾಲದಲ್ಲಿ ಅಲ್ಪಸ್ವಲ್ಪವಾಗಿ ಬರೆದರು. ಡಿಸ್ನಿ ಅದನ್ನು 1991ರಲ್ಲಿ ಸಿನಿಮಾ ಮಾಡಿತು. 2008ರಲ್ಲಿ, 52ನೇ ವಯಸ್ಸಿನಲ್ಲಿ, ಸ್ಟೀವನ್ಸ್ ತೀರಿಕೊಂಡರು. ಅವರು ಒಂದೊಂದು ಗೆರೆಗೂ ಕೊಟ್ಟ ಸಮಯ ಅಚ್ಚಿನ ಪುಸ್ತಕದಲ್ಲಿ ಕಾಣುವುದು ಕಷ್ಟ. ಮೂಲದ ಅಳತೆಯ ಪುಟದಲ್ಲಿ ಚರ್ಮದ ಜಾಕೆಟ್ಟಿನ ಒಂದು ಮಡಿಕೆಯ ಮುಂದೆಯೇ ಕಣ್ಣು ನಿಲ್ಲುತ್ತದೆ: ದಪ್ಪಗೆ ಶುರುವಾದ ಗೆರೆ ಎಲ್ಲೂ ಕೈ ಎತ್ತದೆ ತೆಳುವಾಗುತ್ತ ಹೋಗಿ ಇಲ್ಲವಾಗುತ್ತದೆ. ಗಾಯಕರ ಮೀಂಡಿನ ಹಾಗೆ, ನಡುವೆ ಎಲ್ಲಿಯೂ ಮುರಿಯದು.

ಪುಸ್ತಕ ಮಾಡುವ ಕೆಲಸದಲ್ಲಿ ಅಚ್ಚಿಗಿಂತ ಹುಡುಕಾಟವೇ ಕಷ್ಟ. ಒಂದು ಕಥೆಯ ಇಪ್ಪತ್ತೆರಡು ಪುಟಗಳು ಇಪ್ಪತ್ತು ಮನೆಗಳಲ್ಲಿ ಇರಬಹುದು. ಎಲ್ಲರನ್ನೂ ಹುಡುಕಿ, ಒಪ್ಪಿಸಿ, ಪ್ರತಿ ಹಾಳೆಯನ್ನೂ ಒಂದೇ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಬೇಕು. ಪೂರ್ತಿ ಕಥೆ ಸಿಗದಿದ್ದರೆ ಸಿಕ್ಕಷ್ಟು ಪುಟಗಳನ್ನೇ ಸೇರಿಸಿ ‘ಆರ್ಟಿಫ್ಯಾಕ್ಟ್ ಎಡಿಷನ್’ ಎಂಬ ಬೇರೆ ಹೆಸರಿನಲ್ಲಿ ತರುತ್ತಾರೆ. ಡೇವ್ ಗಿಬನ್ಸ್ ಬರೆದ ‘ವಾಚ್‌ಮೆನ್’ ಪುಟಗಳು ಬಂದದ್ದು ಹೀಗೆ. ಈ ಪ್ರಾಮಾಣಿಕತೆ ನನಗೆ ಇಷ್ಟ. ಇಲ್ಲದ ಪುಟದ ಜಾಗದಲ್ಲಿ ಮುದ್ರಿತ ಪುಟವನ್ನು ತುರುಕಿ ‘ಸಂಪೂರ್ಣ’ ಎಂದು ಮಾರಲಿಲ್ಲ.

ಪುಟಗಳು ಹೀಗೆ ಚದುರಿಹೋದದ್ದಕ್ಕೆ ಒಂದು ನೋವಿನ ಚರಿತ್ರೆಯಿದೆ. ಬಹುಕಾಲ ಅಮೆರಿಕದ ಪ್ರಕಾಶಕರು ಮೂಲಪುಟಗಳನ್ನು ಕಲಾವಿದರಿಗೆ ಮರಳಿಸುತ್ತಿರಲಿಲ್ಲ. ಕೆಲವು ಗೋದಾಮಿನಲ್ಲಿ ಕೊಳೆತವು, ಕೆಲವನ್ನು ನಾಶ ಮಾಡಿದರು, ಕೆಲವು ಕಳುವಾದವು. ವಾಪಸು ಕೊಡುವ ಪದ್ಧತಿ ನೆಲೆಯೂರಿದ್ದು 1970ರ ದಶಕದಲ್ಲಿ. ಫೆಂಟಾಸ್ಟಿಕ್ ಫೋರ್, ಥಾರ್, ಹಲ್ಕ್ ಪಾತ್ರಗಳಿಗೆ ರೂಪ ಕೊಟ್ಟ ಜ್ಯಾಕ್ ಕಿರ್ಬಿ ಮಾರ್ವೆಲ್‌ಗಾಗಿ ಬರೆದ ಪುಟಗಳು 10 ಸಾವಿರಕ್ಕೂ ಹೆಚ್ಚು. ವರ್ಷಗಟ್ಟಲೆ ಜಗ್ಗಾಡಿದ ಮೇಲೆ, 1987ರಲ್ಲಿ, ಅವರಿಗೆ ಮರಳಿದ್ದು ಸುಮಾರು 2 ಸಾವಿರ.

ಕಿರ್ಬಿಯ ಪುಟಗಳಿಗೆ ಇನ್ನೊಂದು ಮಹತ್ವವಿದೆ. 1960ರ ದಶಕದ ಮಾರ್ವೆಲ್ ಕಚೇರಿಯಲ್ಲಿ ಪೂರ್ತಿ ಚಿತ್ರಕಥೆ ಬರೆದುಕೊಡುವ ರೂಢಿಯಿರಲಿಲ್ಲ. ಸಂಪಾದಕ ಸ್ಟ್ಯಾನ್ ಲೀ ಜೊತೆ ಕಥೆಯ ಎಳೆಯ ಬಗ್ಗೆ ಮಾತಾಡಿಕೊಂಡು ಕಲಾವಿದರೇ ಇಡೀ ಕಥೆಯನ್ನು ಪುಟಪುಟವಾಗಿ ಬರೆಯುತ್ತಿದ್ದರು; ಲೀ ಆಮೇಲೆ ಮಾತು ತುಂಬುತ್ತಿದ್ದರು. ಯಾವ ಚೌಕದಲ್ಲಿ ಏನಾಗುತ್ತಿದೆ, ಯಾರು ಯಾಕೆ ಹೀಗೆ ಮಾಡುತ್ತಿದ್ದಾರೆ ಎಂದು ಕಿರ್ಬಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಅಚ್ಚಿನಲ್ಲಿ ಅಂಚು ಕತ್ತರಿಸಿಹೋಗುತ್ತದೆ. ಮೂಲಪುಟದಲ್ಲಿ ಆ ಬರಹ ಹಾಗೇ ಇದೆ. ಕಥೆ ಯಾರದು ಎಂಬ ಪ್ರಶ್ನೆಯನ್ನು ಕಿರ್ಬಿ ಮನೆಯವರು ಅಮೆರಿಕದ ಸುಪ್ರೀಂ ಕೋರ್ಟಿನ ಬಾಗಿಲ ತನಕ ಒಯ್ದರು, 2014ರಲ್ಲಿ ರಾಜಿಯಾಯಿತು. ಕಾನೂನಿನ ಮಾತು ಏನೇ ಇರಲಿ, ‘ಫೆಂಟಾಸ್ಟಿಕ್ ಫೋರ್’ ಆರ್ಟಿಸ್ಟ್ಸ್ ಎಡಿಷನ್ ತೆರೆದವರು ಅಂಚಿನ ಪೆನ್ಸಿಲ್ ಸಾಲುಗಳನ್ನೂ ಗುಳ್ಳೆಯೊಳಗಿನ ಮಾತನ್ನೂ ಅಕ್ಕಪಕ್ಕ ಓದಿ ತಾವೇ ತೂಗಿ ನೋಡಬಹುದು. ಸಾಮಾನ್ಯ ಮುದ್ರಣ ಈ ಅವಕಾಶ ಕೊಡುವುದಿಲ್ಲ.

ಮೂಲಪುಟಗಳನ್ನು ಉಳಿಸಿಕೊಂಡವರೂ ಇದ್ದರು. ಇಸಿ ಕಾಮಿಕ್ಸ್‌ನ ಯಜಮಾನ, ‘ಮ್ಯಾಡ್’ ಪತ್ರಿಕೆಯ ವಿಲಿಯಂ ಗೇನ್ಸ್ ತಮ್ಮ ಕಲಾವಿದರ ಪುಟಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಜೋಪಾನ ಮಾಡಿದ್ದರು. ಅವರಲ್ಲಿ ಒಬ್ಬರಾದ ವಾಲಿ ವುಡ್ 1950ರ ದಶಕದಲ್ಲಿ ಬರೆದ ರಾಕೆಟ್ಟುಗಳ ಒಳಾಂಗಣ, ಕೊಳವೆ, ಗಡಿಯಾರ, ತಂತಿಗಳ ಜಾಲವನ್ನು ಇವತ್ತು ಇಡಿಯಾಗಿ ನೋಡಲು ಸಾಧ್ಯವಾಗಿರುವುದು ಆ ಜೋಪಾನದಿಂದ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ 24 ಮೂಲಪುಟಗಳನ್ನು 2008ರಲ್ಲಿ ಯಾರೋ ಹೆಸರು ಹೇಳಿಕೊಳ್ಳದೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟರು. ಆ ದಾನದ ದೊಡ್ಡತನ ತಿಳಿಯಬೇಕಾದರೆ ಮಾರುಕಟ್ಟೆ ನೋಡಬೇಕು. 2022ರಲ್ಲಿ ಸ್ಪೈಡರ್‌ಮ್ಯಾನ್‌ನ ಕಪ್ಪು ಉಡುಪು ಕಾಣಿಸುವ ಒಂದೇ ಒಂದು ಪುಟ, ಮೈಕ್ ಝೆಕ್ 1984ರ ‘ಸೀಕ್ರೆಟ್ ವಾರ್ಸ್’ಗೆ ಬರೆದದ್ದು, 33 ಲಕ್ಷ ಡಾಲರಿಗೂ ಮಿಕ್ಕಿ ಹರಾಜಾಯಿತು. ಅದರ ಹಿಂದಿನ ವರ್ಷ ಪ್ಯಾರಿಸ್ಸಿನಲ್ಲಿ ಟಿನ್‌ಟಿನ್ ಸಾಹಸ ‘ಬ್ಲೂ ಲೋಟಸ್’ಗಾಗಿ ಹೆರ್ಜೆ ಮೊದಲು ಬರೆದ ಮುಖಪುಟದ ಚಿತ್ರಕ್ಕೆ 31 ಲಕ್ಷ ಯೂರೊ ದಾಟಿತು. ಬಣ್ಣಗಳು ಹೆಚ್ಚಾಗಿ ಅಚ್ಚಿನ ಖರ್ಚು ಏರುತ್ತದೆಂದು ಆಗ ಪಕ್ಕಕ್ಕಿಟ್ಟ ಚಿತ್ರ ಅದು.

ಇಷ್ಟು ದುಡ್ಡಿಗೆ ಮಾರಾಟವಾದ ಪುಟ ಮತ್ತೆ ಎಲ್ಲರ ಕಣ್ಣಿಗೆ ಬೀಳುವ ಖಾತ್ರಿಯಿಲ್ಲ. ಆರ್ಟಿಸ್ಟ್ಸ್ ಎಡಿಷನ್‌ಗಳೂ ಅಗ್ಗವಲ್ಲ, 100 ಡಾಲರಿಗೂ ಮೇಲಿನವು. ಆದರೂ ಚಿತ್ರ ಕಲಿಯುವ ಹುಡುಗನಿಗೆ, ಹುಡುಗಿಗೆ, ಒಂದು ಕಾಲೇಜಿನ ಗ್ರಂಥಾಲಯಕ್ಕೆ ಇದು ತಲುಪಬಹುದಾದ ದೂರ. ಅನೇಕ ಕಲಾವಿದರು ಈಗ ಟ್ಯಾಬ್ಲೆಟ್ಟಿನಲ್ಲಿ ನೇರವಾಗಿ ಬರೆಯುತ್ತಾರೆ. ತಿದ್ದಿದ್ದು ತಿದ್ದಿದ ಗುರುತೂ ಇಲ್ಲದೆ ಹೋಗುತ್ತದೆ. ಕಾಗದದ ಮೇಲೆ ಬಿದ್ದ ಕೆಲಸವನ್ನು ಅಳಿಯುವ ಮುಂಚೆ ದಾಖಲಿಸುವುದಕ್ಕೆ ಇದರಿಂದ ಇನ್ನಷ್ಟು ತುರ್ತು ಬಂದಿದೆ.

ಈ ಮಾತು ನಮ್ಮ ಅಂಗಳಕ್ಕೂ ಬರುತ್ತದೆ. ‘ಅಮರ ಚಿತ್ರಕಥೆ’ಯ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲೆ ಮೊದಲು ಹೊರಬಂದದ್ದೂ ಕನ್ನಡದಲ್ಲಿ: ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ 1965ರಲ್ಲಿ, ವಿದೇಶಿ ಕಥೆಗಳ ಕನ್ನಡ ರೂಪಗಳಾಗಿ. ಮೊದಲ ಹತ್ತು ಸಂಖ್ಯೆಗಳು ಅವುಗಳಿಗೆ ಹೋದದ್ದರಿಂದಲೇ ಇಂಗ್ಲಿಷಿನ ‘ಕೃಷ್ಣ’ 11ನೇ ಸಂಖ್ಯೆ ಹೊತ್ತು ಬಂತು. ‘ಚಂದಮಾಮ’ದ ಮುಖಪುಟಗಳಲ್ಲಿ ಮಹಾಭಾರತವನ್ನು ಕಣ್ಣಿಗೆ ಕಟ್ಟಿಸಿದ ಎಂ.ಟಿ.ವಿ. ಆಚಾರ್ಯ ಕನ್ನಡಿಗರು, ಅವರ ಭೀಷ್ಮ, ಕರ್ಣರನ್ನು ನೋಡಿಯೇ ಆ ಪಾತ್ರಗಳಿಗೆ ಮುಖ ಕೊಟ್ಟುಕೊಂಡ ತಲೆಮಾರು ನಮ್ಮಲ್ಲಿದೆ. ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿಯ ಇಂಡಿಯನ್ ಕಾರ್ಟೂನ್ ಗ್ಯಾಲರಿ 2007ರಿಂದ ವ್ಯಂಗ್ಯಚಿತ್ರಗಳನ್ನು ಗೋಡೆಗೇರಿಸುತ್ತ ಬಂದಿದೆ. ವಾರಪತ್ರಿಕೆ, ಮಾಸಪತ್ರಿಕೆಗಳ ಕಥೆ–ಧಾರಾವಾಹಿಗಳಿಗೆ ದಶಕಗಟ್ಟಲೆ ಚಿತ್ರ ಬರೆದವರ ಸಾಲು ಇದಕ್ಕಿಂತ ಉದ್ದ.

ಅಂಥ ಕಲಾವಿದರ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಹಾಳೆಗಳಿದ್ದರೆ ಇಂಥ ಪುಸ್ತಕಕ್ಕೆ ಬೇಕಾದ ಮೊದಲ ಸಾಮಗ್ರಿ ಅದೇ. ದುಬಾರಿ ಮುದ್ರಣ ಆಮೇಲಿನ ಮಾತು; ಸ್ಕ್ಯಾನ್ ಇವತ್ತೇ ಮಾಡಬಹುದು. ಚಿತ್ರ ಕಪ್ಪು–ಬಿಳುಪೇ ಆಗಿದ್ದರೂ ಬಣ್ಣದಲ್ಲಿ, ಮೂಲ ಅಳತೆಯಲ್ಲಿ ಮಾಡಬೇಕು. ಕಲೆ, ತಿದ್ದುಪಡಿಗಳನ್ನು ಕಂಪ್ಯೂಟರಿನಲ್ಲಿ ಒರೆಸಬಾರದು, ಅಂಚು ಕತ್ತರಿಸಬಾರದು. ಹಾಳೆಯ ಹಿಂಬದಿಯನ್ನೂ ಬಿಡಬಾರದು. ಯಾವ ಸಂಚಿಕೆ, ಯಾವ ಕಥೆ, ಎಷ್ಟು ಅಂಗುಲಕ್ಕೆ ಇಳಿಸಬೇಕು ಎಂಬ ಸೂಚನೆ ಸಾಮಾನ್ಯವಾಗಿ ಇರುವುದು ಅಲ್ಲೇ.